ಯುದ್ಧಕಾಲದ ಪ್ರಚಾರ ಚಿತ್ರಗಳು ಮತ್ತು ಕನ್ನಡ ಪ್ರೇಕ್ಷಕ

ಚಲನಚಿತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ತಯಾರಿಸಿದವರ ಕಡೆಯಿಂದ ಬರೆಯಲಾಗುತ್ತದೆ. ನಿರ್ಮಾಪಕ, ನಿರ್ದೇಶಕ, ನಟವರ್ಗ, ಬಂಡವಾಳ ಇವುಗಳ ವಿವರಗಳು ದಾಖಲೆಯಲ್ಲಿ ಉಳಿಯುತ್ತವೆ. ತೆರೆಯ ಮುಂದೆ ಕತ್ತಲೆಯಲ್ಲಿ ಕುಳಿತವನ ಮನಸ್ಸು ದಾಖಲಾಗುವುದು ವಿರಳ. ಪ್ರಭುತ್ವವೇ ನಿರ್ಮಾಪಕನಾಗಿ ಪ್ರಜೆಯನ್ನು ಒಪ್ಪಿಸಲು ಹೊರಟಾಗ ಮಾತ್ರ ಈ ಪ್ರೇಕ್ಷಕನ ಮೌನಕ್ಕೂ ರಾಜಕೀಯ ಅರ್ಥ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲ (1939–1945) ಅಂಥ ಒಂದು ಸಂದರ್ಭ. ಆಗ ಬ್ರಿಟಿಷ್ ಸರ್ಕಾರ ತನ್ನ ನಾಡಿನಲ್ಲಿಯೂ ಭಾರತದಲ್ಲಿಯೂ ಪ್ರಚಾರ ಚಿತ್ರಗಳನ್ನು ತಯಾರಿಸಿ ತೋರಿಸಿತು. ಒಂದೇ ಸರ್ಕಾರದ ಒಂದೇ ಸಾಧನ ಎರಡು ಕಡೆ ಏಕೆ ಭಿನ್ನ ಫಲ ಕೊಟ್ಟಿತು, ಕನ್ನಡ ನಾಡಿನ ಪ್ರೇಕ್ಷಕ ಅದನ್ನು ಯಾವ ಸ್ಥಿತಿಯಲ್ಲಿ ಎದುರುಗೊಂಡ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬ್ರಿಟನ್ನಿನ ಮಾದರಿ

1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದೊಡನೆ ಬ್ರಿಟನ್ನಿನಲ್ಲಿ ಬಾಂಬು ದಾಳಿಯ ಭಯದಿಂದ ಚಿತ್ರಮಂದಿರಗಳನ್ನು ಮುಚ್ಚಲಾಯಿತು. ಜನರ ಮನೋಬಲಕ್ಕೆ ಸಿನಿಮಾ ಬೇಕೆಂಬುದು ಮನವರಿಕೆಯಾಗಿ ಕೆಲವೇ ದಿನಗಳಲ್ಲಿ ಅವು ಮತ್ತೆ ತೆರೆದವು. ಆಗಲೇ ಸ್ಥಾಪಿತವಾದ ವಾರ್ತಾ ಮಂತ್ರಾಲಯದ ಚಲನಚಿತ್ರ ವಿಭಾಗವು ಅಂಚೆ ಇಲಾಖೆಯ ಚಿತ್ರ ಘಟಕವನ್ನು ತನ್ನದಾಗಿಸಿಕೊಂಡಿತು. 1940ರಲ್ಲಿ ಈ ಘಟಕ ಕ್ರೌನ್ ಫಿಲ್ಮ್ ಯೂನಿಟ್ ಎಂಬ ಹೆಸರು ಪಡೆಯಿತು. ಅದೇ ವರ್ಷ ಐದು ನಿಮಿಷಗಳ ಕಿರುಚಿತ್ರಗಳು ಆರಂಭವಾದವು. ಇವುಗಳನ್ನು ಉಚಿತವಾಗಿ ಒದಗಿಸಲಾಗುತ್ತಿತ್ತು. ಪ್ರದರ್ಶಕರ ಸಂಘದೊಡನೆ ಮಾಡಿಕೊಂಡ ಒಡಂಬಡಿಕೆಯಂತೆ ಚಿತ್ರಮಂದಿರಗಳು ಅವುಗಳನ್ನು ತೋರಿಸುತ್ತಿದ್ದವು. ಕಾರ್ಖಾನೆಯ ಉಪಾಹಾರ ಗೃಹಗಳಿಗೂ ಹಳ್ಳಿಯ ಸಭಾಭವನಗಳಿಗೂ ಸಂಚಾರಿ ಘಟಕಗಳು ಹೋಗುತ್ತಿದ್ದವು.

ಈ ಚಿತ್ರಗಳನ್ನು ಜನ ಹೇಗೆ ಸ್ವೀಕರಿಸಿದರೆಂಬುದು ಇಂದು ತಿಳಿಯುವುದಕ್ಕೆ ಮುಖ್ಯ ಕಾರಣ ಮಾಸ್ ಅಬ್ಸರ್ವೇಶನ್ ಎಂಬ ಸಂಸ್ಥೆ. 1937ರಲ್ಲಿ ಟಾಮ್ ಹ್ಯಾರಿಸನ್, ಚಾರ್ಲ್ಸ್ ಮ್ಯಾಡ್ಜ್, ಹಂಫ್ರಿ ಜೆನಿಂಗ್ಸ್ ಮೊದಲಾದವರು ಆರಂಭಿಸಿದ ಈ ಸಂಸ್ಥೆಯ ವೀಕ್ಷಕರು ಚಿತ್ರಮಂದಿರದಲ್ಲಿ ಜನರ ನಡುವೆಯೇ ಕುಳಿತು ಚಪ್ಪಾಳೆ, ನಗು, ಗೊಣಗಾಟ, ಮೌನ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಅವರ ವರದಿಗಳಿಂದ ಹೊರಡುವ ಚಿತ್ರ ಸರ್ಕಾರಕ್ಕೆ ಸಂಪೂರ್ಣ ಸಮಾಧಾನ ತರುವಂಥದಾಗಿರಲಿಲ್ಲ. ಉಪದೇಶದ ಧಾಟಿ ಜನರಿಗೆ ಹಿಡಿಸುತ್ತಿರಲಿಲ್ಲ. ಮೇಲಿನಿಂದ ಬುದ್ಧಿ ಹೇಳುವ ದನಿಗಿಂತ ತಮ್ಮಂಥವರೇ ತಮ್ಮ ಮಾತಿನಲ್ಲಿ ಆಡುವ ಚಿತ್ರ ಅವರಿಗೆ ನಿಜವೆನಿಸುತ್ತಿತ್ತು. 1940ರಲ್ಲಿ ವಾರ್ತಾಚಿತ್ರಗಳ ಬಗೆಗೆ ಅತೃಪ್ತಿ ಬೆಳೆಯುತ್ತಿದ್ದುದನ್ನು ಅವರು ಗುರುತಿಸಿದರು. ಇದಕ್ಕೆ ಪ್ರತಿಯಾಗಿ, ನಿಜವಾದ ವಾಯುಪಡೆಯ ಸಿಬ್ಬಂದಿಯೇ ಪಾತ್ರವಹಿಸಿದ, ಹ್ಯಾರಿ ವಾಟ್ ನಿರ್ದೇಶನದ ‘ಟಾರ್ಗೆಟ್ ಫಾರ್ ಟುನೈಟ್’ (1941) ದೊಡ್ಡ ಜನಪ್ರಿಯತೆ ಗಳಿಸಿತು. 1942ರಲ್ಲಿ ಐದು ನಿಮಿಷದ ಸರಣಿ ನಿಂತು ತಿಂಗಳಿಗೊಂದರಂತೆ ಹದಿನೈದು ನಿಮಿಷದ ಚಿತ್ರಗಳು ಬಂದವು.

ಬ್ರಿಟಿಷ್ ಪ್ರೇಕ್ಷಕ ಪ್ರಚಾರವನ್ನು ಟೀಕಿಸಿದನು. ಆದರೆ ಯುದ್ಧವನ್ನು ತನ್ನದೆಂದು ಒಪ್ಪಿದ್ದನು. ಅವನ ಅಸಮಾಧಾನ ಹೇಳುವ ಬಗೆಯ ಕುರಿತಾದುದೇ ಹೊರತು ಹೇಳುವವನ ಹಕ್ಕಿನ ಕುರಿತಾದುದಲ್ಲ. ಭಾರತದಲ್ಲಿ ಪ್ರಶ್ನೆಗೆ ಒಳಗಾದದ್ದು ಈ ಹಕ್ಕೇ.

ಭಾರತದಲ್ಲಿ ಪ್ರಚಾರ ಚಿತ್ರ

ಭಾರತೀಯರ ಪ್ರತಿನಿಧಿಗಳನ್ನು ಕೇಳದೆಯೇ ವೈಸ್‌ರಾಯ್ ಭಾರತವನ್ನು ಯುದ್ಧಕ್ಕೆ ಸೇರಿಸಿದ್ದನ್ನು ಪ್ರತಿಭಟಿಸಿ 1939ರಲ್ಲಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ನೀಡಿದವು. ಪ್ರಚಾರದ ಕೆಲಸ ಈ ಹಿನ್ನೆಲೆಯಲ್ಲಿಯೇ ಆರಂಭವಾಗಬೇಕಾಯಿತು. ಸಾಮ್ರಾಜ್ಯದ ವೈಭವವನ್ನು ಸಾರುವ ಚಿತ್ರಗಳನ್ನು ಭಾರತೀಯ ಪ್ರೇಕ್ಷಕ ಸಹಿಸನೆಂಬುದು ಯುದ್ಧಕ್ಕೆ ಮೊದಲೇ ತಿಳಿದಿತ್ತು. ಅಲೆಕ್ಸಾಂಡರ್ ಕೊರ್ಡಾ ನಿರ್ಮಿಸಿದ ‘ದಿ ಡ್ರಮ್’ ಚಿತ್ರ 1938ರಲ್ಲಿ ಮುಂಬಯಿಯಲ್ಲಿ ತೆರೆಕಂಡಾಗ ಪ್ರತಿಭಟನೆಗಳು ನಡೆದು ಅದನ್ನು ಹಿಂದೆಗೆದುಕೊಳ್ಳಬೇಕಾಯಿತು.

1940ರಲ್ಲಿ ಮುಂಬಯಿಯಲ್ಲಿ ಚಲನಚಿತ್ರ ಸಲಹಾ ಮಂಡಳಿ ಸ್ಥಾಪಿತವಾಯಿತು. ಜೆ.ಬಿ.ಎಚ್. ವಾಡಿಯಾ ಅದರ ಅಧ್ಯಕ್ಷರಾದರು. ಬ್ರಿಟನ್ನಿನಿಂದ ಬಂದ ಅಲೆಕ್ಸಾಂಡರ್ ಷಾ ಅವರ ಅನಂತರ ವಿ. ಶಾಂತಾರಾಂ ಮುಖ್ಯ ನಿರ್ಮಾಪಕರ ಹೊಣೆ ವಹಿಸಿಕೊಂಡು ಮುಂದೆ ರಾಜೀನಾಮೆಯಿತ್ತರು. ಮಂಡಳಿಯ ಚಿತ್ರಗಳನ್ನು ಪ್ರದರ್ಶಕರು ತಾವಾಗಿ ತೋರಿಸಲಿ ಎಂಬ ನಿರೀಕ್ಷೆ ಫಲಿಸಲಿಲ್ಲ. 1943ರಲ್ಲಿ ಮಂಡಳಿಯ ಸ್ಥಾನದಲ್ಲಿ ಇನ್‌ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ ಬಂದಿತು. ಎಜ್ರಾ ಮೀರ್ ಅದರ ನಿರ್ಮಾಣದ ಹೊಣೆ ಹೊತ್ತರು. ಜೊತೆಗೆ ಇಂಡಿಯನ್ ನ್ಯೂಸ್ ಪೆರೇಡ್ ಎಂಬ ವಾರ್ತಾಚಿತ್ರ ಹೊರಡತೊಡಗಿತು. ಅದೇ ವರ್ಷ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಪ್ರತಿಯೊಂದು ಪ್ರದರ್ಶನದಲ್ಲಿಯೂ ಸುಮಾರು 2,000 ಅಡಿಗಳಷ್ಟು ಸರ್ಕಾರಿ ಒಪ್ಪಿಗೆಯ ಚಿತ್ರವನ್ನು ತೋರಿಸುವುದು ಕಡ್ಡಾಯವಾಯಿತು. ಅದಕ್ಕೆ ಬಾಡಿಗೆಯನ್ನು ತೆರಬೇಕಾದವನೂ ಪ್ರದರ್ಶಕನೇ.

ಇದರ ಅರ್ಥವನ್ನು ಅಡಿಗಳ ಲೆಕ್ಕದಲ್ಲಿಯೇ ನೋಡಬಹುದು. ಕಚ್ಚಾ ಫಿಲ್ಮಿನ ಅಭಾವದಿಂದಾಗಿ 1942ರಲ್ಲಿ ಸರ್ಕಾರವು ಕಥಾಚಿತ್ರಗಳ ಉದ್ದವನ್ನು 11,000 ಅಡಿಗಳಿಗೆ, ಎಂದರೆ ಸುಮಾರು ಎರಡು ಗಂಟೆಗಳಿಗೆ, ಸೀಮಿತಗೊಳಿಸಿತ್ತು. ಮರುವರ್ಷ 2,000 ಅಡಿ, ಎಂದರೆ ಇಪ್ಪತ್ತೆರಡು ನಿಮಿಷಗಳಷ್ಟು ತನ್ನ ಚಿತ್ರವನ್ನು ಸೇರಿಸಿತು. ಹಾಡು, ಕಥೆಗಳಿಗಾಗಿ ಕಾಸು ಕೊಟ್ಟವನಿಗೆ ಕಥೆ ಕಿರಿದಾಗಿ ಉಪದೇಶ ಹಿರಿದಾಯಿತು. ಬ್ರಿಟನ್ನಿನಲ್ಲಿ ಒಡಂಬಡಿಕೆ ಮತ್ತು ಉಚಿತ ವಿತರಣೆ. ಭಾರತದಲ್ಲಿ ಕಾನೂನು ಮತ್ತು ಬಾಡಿಗೆ. ಎರಡು ಧೋರಣೆಗಳ ಅಂತರ ಇಷ್ಟರಿಂದಲೇ ಸ್ಪಷ್ಟ.

ಹಂಚಿಹೋದ ನಾಡು, ಇಲ್ಲದ ಭಾಷೆ

ಆಗ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತದಲ್ಲಿಯೂ ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸು ಪ್ರಾಂತದಲ್ಲಿಯೂ ಇದ್ದುದರಿಂದ 1943ರ ನಿಯಮ ಅಲ್ಲಿ ನೇರವಾಗಿ ಅನ್ವಯಿಸುತ್ತಿತ್ತು. ಮೈಸೂರು, ಹೈದರಾಬಾದ್ ಸಂಸ್ಥಾನಗಳಲ್ಲಿ ಬ್ರಿಟಿಷ್ ಇಂಡಿಯಾದ ಕಾನೂನು ತಾನೇ ತಾನಾಗಿ ಜಾರಿಗೆ ಬರುತ್ತಿರಲಿಲ್ಲ. ಮೈಸೂರು ಸಂಸ್ಥಾನದ ನಡುವೆಯೇ ಬೆಂಗಳೂರಿನ ಸಿವಿಲ್ ಮತ್ತು ಮಿಲಿಟರಿ ಠಾಣ್ಯ ಬ್ರಿಟಿಷ್ ಆಡಳಿತದಲ್ಲಿತ್ತು. ಹೀಗೆ ಒಂದೇ ಊರಿನ ಪೇಟೆಯ ಚಿತ್ರಮಂದಿರಕ್ಕೂ ದಂಡಿನ ಚಿತ್ರಮಂದಿರಕ್ಕೂ ಪ್ರಭುತ್ವ ಬೇರೆ ಬೇರೆಯಾಗಿತ್ತು. ಮೈಸೂರಿನ ಪ್ರಭುತ್ವವೂ ಯುದ್ಧದಿಂದ ದೂರವಿರಲಿಲ್ಲ. ಸಂಸ್ಥಾನದ ಸೇನೆ ಬ್ರಿಟಿಷರ ನೆರವಿಗೆ ಹೋಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ವಿಮಾನ ಕಾರ್ಖಾನೆಯಲ್ಲಿ ಮೈಸೂರು ಸರ್ಕಾರ ಪಾಲುದಾರನಾಯಿತು.

ಇದಕ್ಕಿಂತ ದೊಡ್ಡ ತೊಡಕು ಭಾಷೆಯದು. ಕೇಂದ್ರ ಸರ್ಕಾರದ ಪ್ರಚಾರ ಚಿತ್ರಗಳೂ ವಾರ್ತಾಚಿತ್ರವೂ ಇಂಗ್ಲಿಷ್, ಹಿಂದೂಸ್ತಾನಿ, ಬಂಗಾಳಿ, ತಮಿಳು, ತೆಲುಗು ಎಂಬ ಐದು ಭಾಷೆಗಳಲ್ಲಿ ಹೊರಡುತ್ತಿದ್ದವು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕನ್ನಡ ಕಥಾಚಿತ್ರವೂ ಆಗ ಬಡವಾಗಿತ್ತು. 1934ರಲ್ಲಿ ‘ಸತಿ ಸುಲೋಚನ’ದಿಂದ ಆರಂಭವಾದ ಕನ್ನಡ ವಾಕ್ಚಿತ್ರಗಳ ಸಂಖ್ಯೆ ಯುದ್ಧದ ವರ್ಷಗಳಲ್ಲಿ ಬೆರಳೆಣಿಕೆಯದು. ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1945) ಅವುಗಳಲ್ಲಿ ಸೇರುತ್ತವೆ. ಉಳಿದಂತೆ ಕನ್ನಡ ಪ್ರೇಕ್ಷಕ ನೋಡುತ್ತಿದ್ದುದು ತಮಿಳು, ತೆಲುಗು, ಹಿಂದಿ ಚಿತ್ರಗಳನ್ನೇ. ಪೌರಾಣಿಕ ಕಥೆಯಾದರೆ ಭಾಷೆ ತಿಳಿಯದಿದ್ದರೂ ಕಥೆ ಮೊದಲೇ ತಿಳಿದಿರುತ್ತದೆ. ವಾರ್ತಾಚಿತ್ರದ ವಿಷಯ ಹಾಗಲ್ಲ; ಅದು ನಿಂತಿರುವುದೇ ಹಿನ್ನೆಲೆಯ ವಿವರಣೆಯ ಮೇಲೆ. ವಿವರಣೆ ಅರ್ಥವಾಗದಿದ್ದರೆ ಉಳಿಯುವುದು ಟ್ಯಾಂಕು, ವಿಮಾನ, ಹೊಗೆ, ಸೈನಿಕರ ಸಾಲು ಮಾತ್ರ. ಯಾರು ಯಾರನ್ನು ಗೆದ್ದರೆಂಬುದು ನೋಡುವವನ ಊಹೆಗೆ ಬಿಟ್ಟ ವಿಷಯವಾಗುತ್ತದೆ. ಜನರ ಒಪ್ಪಿಗೆಯನ್ನು ಬಯಸಿದ ಸರ್ಕಾರ ಅವರ ಭಾಷೆಯಲ್ಲಿ ಮಾತನಾಡಲಿಲ್ಲ.

ಹೊಣಕೆರೆಯ ಸೀಮೆ

ಹೋಬಳಿಯ ನೆಲೆಯಿಂದ ನೋಡಿದಾಗ ಈ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊಣಕೆರೆಯು ನಾಗಮಂಗಲ ತಾಲ್ಲೂಕಿನ ಹೋಬಳಿಗಳಲ್ಲಿ ಒಂದು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ರಚನೆಯಾಯಿತು. ಜಿಲ್ಲೆ ಹುಟ್ಟಿದ ವರ್ಷವೇ ಯುದ್ಧವೂ ಆರಂಭವಾಯಿತು. ಶ್ರೀರಂಗಪಟ್ಟಣಕ್ಕೂ, ಆಗ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದ ಪಾಂಡವಪುರಕ್ಕೂ ಕಾವೇರಿಯ ನೀರಿನ ಆಸರೆಯೂ ಬೆಂಗಳೂರು–ಮೈಸೂರು ರೈಲಿನ ಸಂಪರ್ಕವೂ ಇದ್ದವು. ನಾಗಮಂಗಲದ ಸೀಮೆ ರಾಗಿ, ಹುರುಳಿಗಳ ಮಳೆಯಾಶ್ರಯದ ನೆಲ. ಅಲ್ಲಿಗೆ ರೈಲೂ ಇರಲಿಲ್ಲ. ಅಂಥ ಹಳ್ಳಿಗಾಡಿಗೆ ಸಿನಿಮಾ ಎಂದರೆ ಊರಿಂದೂರಿಗೆ ಸಾಗುವ ಟೂರಿಂಗ್ ಟಾಕೀಸು. ಬಟ್ಟೆಯ ಡೇರೆ, ಎಂಜಿನ್ನಿನಿಂದ ವಿದ್ಯುತ್ತು, ನೆಲ ಮತ್ತು ಬೆಂಚುಗಳ ತರಗತಿ, ಜಾತ್ರೆ ಸುಗ್ಗಿಗಳ ಹಂಗಾಮು ಅದರ ಲಕ್ಷಣಗಳು. ಯುದ್ಧಕಾಲದಲ್ಲಿ ಪೆಟ್ರೋಲಿಗೂ ಸೀಮೆಎಣ್ಣೆಗೂ ಬಂದ ಅಭಾವ ಈ ಸಂಚಾರವನ್ನೇ ಕಷ್ಟಕ್ಕೆ ಈಡುಮಾಡುವಂಥದು.

ಹೀಗೆ ಯುದ್ಧವು ಗ್ರಾಮೀಣ ಮೈಸೂರಿಗೆ ತೆರೆಯ ಮೂಲಕ ತಲುಪಿದ್ದಕ್ಕಿಂತ ಹೆಚ್ಚಾಗಿ ಅಂಗಡಿಯ ಮೂಲಕ ತಲುಪಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾದೊಡನೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಧಾನ್ಯದ ವಸೂಲಿ, ಪಡಿತರ, ಬಟ್ಟೆಯ ಅಭಾವ, ಬೆಲೆಯೇರಿಕೆ, ಕಾಳಸಂತೆ ಇವು ಪ್ರತಿ ಮನೆಯ ಅನುಭವಗಳಾದವು. ಹೆಚ್ಚು ಬೆಳೆಯಿರಿ ಎಂದು ಸಾರುವ ಚಿತ್ರವನ್ನು, ಬೆಳೆದುದನ್ನು ಅಳೆದುಕೊಟ್ಟು ಬಂದ ರೈತ ನೋಡುವ ಬಗೆಯೇ ಬೇರೆ. ತೆರೆಯ ಮೇಲಿನ ಸಮೃದ್ಧಿಯನ್ನು ಒರೆಗೆ ಹಚ್ಚಲು ಅವನಿಗೆ ವೃತ್ತಪತ್ರಿಕೆ ಬೇಕಿರಲಿಲ್ಲ. ಮನೆಯ ಕಣಜ ಸಾಕಾಗಿತ್ತು.

ರಾಜಕೀಯ ಅನುಭವವೂ ಈ ನೋಟವನ್ನು ರೂಪಿಸಿತು. ಮಂಡ್ಯ ಸೀಮೆಯ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲೀಬಾರಾಯಿತು. 1942ರ ಚಲೇಜಾವ್ ಚಳವಳಿಯಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರು ಸ್ವತಂತ್ರವೆಂದು ಘೋಷಿಸಿಕೊಂಡಿತು. 1943ರ ಮಾರ್ಚಿನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹದೇವಪ್ಪನವರು ಗುಂಡಿಗೆ ಬಲಿಯಾದರು. ಪ್ರಚಾರ ಚಿತ್ರ ಕಡ್ಡಾಯವಾದದ್ದೂ ಇದೇ ವರ್ಷ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿರುವ ಸಾಮ್ರಾಜ್ಯ ಎಂಬ ಚಿತ್ರಣವನ್ನು, ಸ್ವಾತಂತ್ರ್ಯ ಕೇಳಿದವರನ್ನು ಅದೇ ಸಾಮ್ರಾಜ್ಯ ಸೆರೆಗೆ ಕಳುಹಿಸಿದ ಕಾಲದಲ್ಲಿ ನಂಬಿಸುವುದು ಯಾವ ಕಲಾವಂತಿಕೆಗೂ ಸಾಧ್ಯವಿರಲಿಲ್ಲ.

ಪ್ರೇಕ್ಷಕನ ಉತ್ತರ

ಭಾರತೀಯ ಪ್ರೇಕ್ಷಕ ಈ ಚಿತ್ರಗಳಿಗೆ ಕೊಟ್ಟ ಉತ್ತರ ಬಹುಮಟ್ಟಿಗೆ ನಡವಳಿಕೆಯ ರೂಪದ್ದು. ಸರ್ಕಾರಿ ಚಿತ್ರ ಮುಗಿಯುವ ಹೊತ್ತಿಗೆ ಬಂದು ಕೂರುವುದು, ಹೊರಗೆ ಕಾಲ ಕಳೆಯುವುದು, ಒಳಗಿದ್ದರೂ ಮಾತಿನಲ್ಲಿ ತೊಡಗುವುದು ಇವು ಶಿಕ್ಷೆಗೆ ಸಿಲುಕದ ಪ್ರತಿರೋಧಗಳು. ಪ್ರದರ್ಶಕನನ್ನು ಕಾನೂನು ಕಟ್ಟಿಹಾಕಬಲ್ಲದು. ನೋಡುವ ಕಣ್ಣನ್ನು ಕಟ್ಟಿಹಾಕಲಾರದು.

ಇದಕ್ಕಿಂತ ಸೂಕ್ಷ್ಮವಾದುದು ಅರ್ಥವನ್ನೇ ಬದಲಿಸಿಕೊಳ್ಳುವ ಕ್ರಮ. ಬಾಂಬೆ ಟಾಕೀಸಿನ ‘ಕಿಸ್ಮತ್’ (1943) ಚಿತ್ರದಲ್ಲಿ ಕವಿ ಪ್ರದೀಪರು ರಚಿಸಿದ ಒಂದು ಸಮೂಹಗೀತೆ ಪರಕೀಯರನ್ನು ದೂರ ಸರಿಯಿರೆಂದು ಹೇಳುತ್ತದೆ. ಹಾಡಿನೊಳಗೆ ಜರ್ಮನಿ, ಜಪಾನುಗಳ ಹೆಸರಿದ್ದುದರಿಂದ ಸೆನ್ಸಾರ್ ಅದನ್ನು ಯುದ್ಧಪರವೆಂದು ಬಗೆದು ಬಿಟ್ಟಿತು. ಪ್ರೇಕ್ಷಕರಿಗೆ ಆ ಪರಕೀಯರು ಯಾರೆಂಬುದರಲ್ಲಿ ಸಂಶಯವಿರಲಿಲ್ಲ. ಸರ್ಕಾರದ ಶಬ್ದಕೋಶವನ್ನೇ ಬಳಸಿ ಸರ್ಕಾರದ ವಿರುದ್ಧ ಅರ್ಥವನ್ನು ಹೊರಡಿಸಿದ ಈ ಪ್ರಸಂಗವು, ಪ್ರಚಾರದ ಅರ್ಥ ತಯಾರಕನ ಕೈಯಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತಮ ನಿದರ್ಶನ.

ಚಿತ್ರೋದ್ಯಮವೂ ಇಂಥ ದಾರಿಯನ್ನು ಕಂಡುಕೊಂಡಿತು. 1943ರಿಂದ ಕಚ್ಚಾ ಫಿಲ್ಮಿಗೆ ಪರವಾನಗಿ ಬೇಕಾದಾಗ ಯುದ್ಧಸಹಾಯಕ ಕಥಾಚಿತ್ರಗಳನ್ನು ತಯಾರಿಸುವ ಒತ್ತಾಯ ಬಂದಿತು. ತಮಿಳಿನಲ್ಲಿ ಕೆ. ಸುಬ್ರಹ್ಮಣ್ಯಂ ಅವರ ‘ಮಾನಸಂರಕ್ಷಣಂ’ (1945), ಮಾಡರ್ನ್ ಥಿಯೇಟರ್ಸಿನ ‘ಬರ್ಮಾ ರಾಣಿ’ (1945) ಈ ವರ್ಗಕ್ಕೆ ಸೇರಿದವು. ಶಾಂತಾರಾಂ ಅವರು ಇದೇ ವರ್ಗದಲ್ಲಿ ಆರಿಸಿಕೊಂಡದ್ದು ಡಾ. ದ್ವಾರಕಾನಾಥ ಕೋಟಣೀಸರ ಜೀವನವನ್ನು. ಕನ್ನಡಿಗರೂ ಗಣನೀಯವಾಗಿರುವ ಗಡಿನಾಡು ಸೊಲ್ಲಾಪುರದ ಈ ವೈದ್ಯರು ಕಾಂಗ್ರೆಸ್ ಕಳುಹಿಸಿದ ತಂಡದಲ್ಲಿ ಚೀನಾಕ್ಕೆ ಹೋಗಿ, ಜಪಾನಿನ ಆಕ್ರಮಣವನ್ನು ಎದುರಿಸುತ್ತಿದ್ದವರ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡರು. 1946ರಲ್ಲಿ ತೆರೆಕಂಡ ಈ ಚಿತ್ರ ಜಪಾನನ್ನು ವಿರೋಧಿಸುವುದರಿಂದ ಸರ್ಕಾರದ ನಿಬಂಧನೆಗೆ ಹೊಂದಿತು. ನಾಯಕ ಭಾರತೀಯ ರಾಷ್ಟ್ರೀಯತೆಯ ಪ್ರತಿನಿಧಿಯಾದುದರಿಂದ ಜನರ ಹೃದಯಕ್ಕೂ ಹೊಂದಿತು.

ಉಪಸಂಹಾರ

1946ರಲ್ಲಿ ಕೇಂದ್ರ ಶಾಸನಸಭೆ ಇನ್‌ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ ಸಂಸ್ಥೆಗೆ ಹಣ ಒದಗಿಸಲು ಒಪ್ಪಲಿಲ್ಲ, ಸಂಸ್ಥೆ ಮುಚ್ಚಿತು. ಪ್ರೇಕ್ಷಕರು ಚಿತ್ರಮಂದಿರದಲ್ಲಿ ಮೌನವಾಗಿ ಹೇಳಿದ್ದನ್ನು ಪ್ರತಿನಿಧಿಗಳು ಸಭೆಯಲ್ಲಿ ಮತದ ಮೂಲಕ ಹೇಳಿದಂತಾಯಿತು. ಪರಿಣಾಮವಾಗಿ 1947ರ ಆಗಸ್ಟ್ 15ರ ಅಧಿಕಾರ ಹಸ್ತಾಂತರವನ್ನು ಚಿತ್ರೀಕರಿಸಲು ಸರ್ಕಾರದ ಬಳಿ ತನ್ನದೇ ಆದ ಘಟಕವಿರಲಿಲ್ಲ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಆರಂಭವಾಯಿತು. ಅದರ ಸಾಕ್ಷ್ಯಚಿತ್ರಗಳು ಕಾಲಕ್ರಮದಲ್ಲಿ ಕನ್ನಡದಲ್ಲಿಯೂ ಬಂದವು. ಆದರೆ ಕಡ್ಡಾಯ ಪ್ರದರ್ಶನ, ಪ್ರದರ್ಶಕನಿಂದ ಬಾಡಿಗೆ ಎಂಬ ಯುದ್ಧಕಾಲದ ಎರಡು ಪದ್ಧತಿಗಳನ್ನು ಸ್ವತಂತ್ರ ಭಾರತವೂ ಮುಂದುವರಿಸಿತು. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು.

ಬ್ರಿಟಿಷ್ ಪ್ರೇಕ್ಷಕನೂ ಕನ್ನಡ ಪ್ರೇಕ್ಷಕನೂ ಪ್ರಚಾರವನ್ನು ಅಳೆದದ್ದು ಒಂದೇ ಅಳತೆಗೋಲಿನಿಂದ: ತೆರೆಯ ಮೇಲಿನದು ತನ್ನ ಬದುಕಿಗೆ ಹೊಂದುತ್ತದೆಯೇ ಎಂಬುದೇ ಆ ಅಳತೆಗೋಲು. ಬಾಂಬಿನ ಅಡಿಯಲ್ಲಿ ಬದುಕಿದ ಲಂಡನ್ನಿನವನಿಗೆ ಕೆಲವೊಮ್ಮೆ ಅದು ಹೊಂದಿತು. ತನ್ನ ಸಮ್ಮತಿ ಕೇಳದ, ತನ್ನ ಭಾಷೆಯನ್ನಾಡದ, ತನ್ನ ಹಸಿವನ್ನು ಕಾಣದ ಚಿತ್ರ ಹೊಣಕೆರೆಯಂಥ ಸೀಮೆಯ ರೈತನಿಗೆ ಹೊಂದುವ ಕಾರಣವಿರಲಿಲ್ಲ. ಅನಕ್ಷರಸ್ಥ ಪ್ರೇಕ್ಷಕನು ತೋರಿಸಿದ್ದನ್ನೆಲ್ಲ ನಂಬುತ್ತಾನೆಂಬ ಆಳುವವರ ಗ್ರಹಿಕೆಯನ್ನು ಈ ಚರಿತ್ರೆ ನಿರಾಕರಿಸುತ್ತದೆ. ಕರ್ನಾಟಕದ ಚಲನಚಿತ್ರ ಚರಿತ್ರೆಯು ತಯಾರಾದ ಚಿತ್ರಗಳ ಪಟ್ಟಿಯನ್ನು ದಾಟಿ ನೋಡಿದವರ ಚರಿತ್ರೆಯೂ ಆದಾಗ ಮಾತ್ರ ಈ ವಿವೇಕಕ್ಕೆ ಸಲ್ಲಬೇಕಾದ ಸ್ಥಾನ ದೊರೆಯುತ್ತದೆ.