ನಾಲೆಯ ನೀರಿನಿಂದ ವಿದ್ಯುತ್: ಚಕ್ರಕ್ಕಿಂತ ಮೊದಲು ಲೆಕ್ಕ

ವಿದ್ಯುತ್ ದರ ಏರಿದಾಗಲೆಲ್ಲ ಸಣ್ಣ ಉದ್ಯಮಿಯು ಪರ್ಯಾಯ ಮಾರ್ಗಗಳ ಕಡೆಗೆ ದೃಷ್ಟಿ ಹಾಯಿಸುವುದು ಸಹಜ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಈ ದೃಷ್ಟಿ ಮೊದಲು ಬೀಳುವುದು ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಕವಲುಗಳ ಮೇಲೆ. ಹಗಲಿರುಳು ಹರಿಯುವ ನೀರಿಗೆ ಒಂದು ಚಕ್ರವನ್ನು ಜೋಡಿಸಿ ಕಾರ್ಖಾನೆಗೆ ಬೇಕಾದ ವಿದ್ಯುತ್ತನ್ನು ತಾವೇ ಏಕೆ ಉತ್ಪಾದಿಸಬಾರದು? ಪ್ರಶ್ನೆ ಸಮಂಜಸವಾದದ್ದೇ. ಆದರೆ ಬಂಡವಾಳ ಹೂಡುವ ಮೊದಲು ನೀರಿನ ಲೆಕ್ಕವನ್ನೂ ಬಳಕೆಯ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡುವುದು ಅವಶ್ಯ.

ಶಿವನಸಮುದ್ರದ ಪಾಠ

ಈ ವಿಷಯದಲ್ಲಿ ನಮಗೆ ಹೊರನಾಡಿನ ಉದಾಹರಣೆ ಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ಜನರು ಇಂದಿಗೂ ‘ಬ್ಲಫ್’ ಎಂದು ಕರೆಯುವ ಸ್ಥಳದಲ್ಲಿ, 1902ರ ಜೂನ್ ತಿಂಗಳಲ್ಲಿ ಕಾವೇರಿಯ ನೀರು ವಿದ್ಯುತ್ತಾಗಿ ಮಾರ್ಪಟ್ಟಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ರೂಪುಗೊಂಡ ಈ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೆರ್ ಕಾರ್ಯಗತಗೊಳಿಸಿದರು. ಆರಂಭದಲ್ಲಿ ತಲಾ 720 ಕಿಲೋವ್ಯಾಟ್‌ನ ಆರು ಘಟಕಗಳಿದ್ದವು. ಸ್ಥಾಪಿತ ಸಾಮರ್ಥ್ಯ ಕಾಲಕ್ರಮದಲ್ಲಿ 42 ಮೆಗಾವ್ಯಾಟ್‌ಗೆ ಏರಿತು. 1940ರಲ್ಲಿ ಇದೇ ತಾಲ್ಲೂಕಿನ ಶಿಂಷಾ ವಿದ್ಯುದಾಗಾರವೂ ಸೇರಿಕೊಂಡಿತು.

ವ್ಯಾಪಾರಿಗಳು ಗಮನಿಸಬೇಕಾದ ಅಂಶ ಯಂತ್ರಗಳ ಗಾತ್ರವಲ್ಲ, ಗ್ರಾಹಕನ ಆಯ್ಕೆ. ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಹತ್ತಿರದ ಊರುಗಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ನದಿ ರಾತ್ರಿ ನಿಲ್ಲುವುದಿಲ್ಲ. ಗಣಿಯೂ ರಾತ್ರಿ ನಿಲ್ಲುತ್ತಿರಲಿಲ್ಲ. ಉತ್ಪಾದನೆಯಾದ ವಿದ್ಯುತ್ತನ್ನು ಅಹೋರಾತ್ರಿ ಕೊಳ್ಳುವ ಗ್ರಾಹಕನೊಬ್ಬ ಒಪ್ಪಂದದ ಮೂಲಕ ಮೊದಲೇ ನಿಶ್ಚಿತನಾಗಿದ್ದನು. ಅಷ್ಟಿದ್ದರೂ ಬೇಸಿಗೆಯಲ್ಲಿ ನದಿಯ ಹರಿವು ಕುಗ್ಗಿ ತೊಂದರೆಯಾಗುತ್ತಿತ್ತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ನಿರ್ಮಾಣದ ಉದ್ದೇಶಗಳಲ್ಲಿ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ಸಮನಾದ ನೀರು ಒದಗಿಸುವುದೂ ಸೇರಿತ್ತು. ಗ್ರಾಹಕ ಮತ್ತು ಹರಿವು, ಇವೆರಡೂ ಖಚಿತವಾದಾಗ ಮಾತ್ರ ಚಕ್ರವು ಲಾಭ ತರುತ್ತದೆ ಎಂಬುದೇ ಇಲ್ಲಿಯ ಪಾಠ.

ವೇಗಕ್ಕಿಂತ ಎತ್ತರ ಮುಖ್ಯ

ಹರಿಯುವ ನೀರನ್ನು ಕಂಡಾಗ ಅದರ ರಭಸವೇ ಶಕ್ತಿಯೆಂದು ಭಾವಿಸುವುದುಂಟು. ವಾಸ್ತವವಾಗಿ ಸಮತಟ್ಟಾದ ನಾಲೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರಿನಲ್ಲಿರುವ ಶಕ್ತಿ, ಹರಿವಿಗೆ ಅಡ್ಡಲಾದ ಪ್ರತಿ ಚದರ ಮೀಟರಿಗೆ ಕೇವಲ 500 ವ್ಯಾಟ್. ಕೆಳಗಿನಿಂದ ನೀರು ತಳ್ಳುವ ಸರಳ ಚಕ್ರವು ಇದರಲ್ಲಿ ಕಾಲು ಭಾಗವನ್ನು ಹಿಡಿದರೆ ಅದೇ ಹೆಚ್ಚು. ಅಂದರೆ ಒಂದು ಚದರ ಮೀಟರ್ ಹಲಗೆ ಮುಳುಗಿಸಿದರೆ ದೊರೆಯುವುದು ಕೆಲವೇ ದೀಪಗಳಿಗೆ ಸಾಲುವಷ್ಟು ವಿದ್ಯುತ್.

ನಿಜವಾದ ಶಕ್ತಿಯಿರುವುದು ಎಂಜಿನಿಯರುಗಳು ‘ಡ್ರಾಪ್’ ಎನ್ನುವ ಸ್ಥಳಗಳಲ್ಲಿ, ಅಂದರೆ ನಾಲೆಯ ನೀರು ಕಟ್ಟೆಯಿಂದ ಒಮ್ಮೆಲೇ ಕೆಳಗಿಳಿಯುವೆಡೆಗಳಲ್ಲಿ. ಅಲ್ಲಿಯ ಲೆಕ್ಕ ಸರಳ: ಸೆಕೆಂಡಿಗೆ ಹರಿಯುವ ಘನ ಮೀಟರ್ ನೀರನ್ನು ಬೀಳುವ ಎತ್ತರದ ಮೀಟರಿನಿಂದಲೂ 9.81ರಿಂದಲೂ ಗುಣಿಸಿದರೆ ಒಟ್ಟು ಕಿಲೋವ್ಯಾಟ್ ದೊರೆಯುತ್ತದೆ. ಸುಮಾರು 35 ಕ್ಯೂಸೆಕ್, ಅಂದರೆ ಒಂದು ಘನ ಮೀಟರ್ ನೀರು 2 ಮೀಟರ್ ಇಳಿದರೆ 19.6 ಕಿಲೋವ್ಯಾಟ್. ಚಕ್ರ, ಗೇರ್ ಮತ್ತು ಜನರೇಟರ್‌ಗಳ ನಷ್ಟ ಕಳೆದು ಶೇ. 55 ಕೈಗೆ ಸಿಕ್ಕಿದರೆ ಉಳಿಯುವುದು 10ರಿಂದ 11 ಕಿಲೋವ್ಯಾಟ್.

ಮಲೆನಾಡಿನ ತೋಟಗಳಲ್ಲಿ ಸಣ್ಣ ಟರ್ಬೈನುಗಳು ಯಶಸ್ವಿಯಾಗಿರುವುದಕ್ಕೆ ಕಾರಣವೂ ಇದೇ ಸೂತ್ರದಲ್ಲಿದೆ. ಅಲ್ಲಿ ಸೆಕೆಂಡಿಗೆ 10 ಲೀಟರ್ ನೀರನ್ನು ಕೊಳವೆಯಲ್ಲಿ 20 ಮೀಟರ್ ಇಳಿಸಿದರೆ ಸುಮಾರು ಒಂದು ಕಿಲೋವ್ಯಾಟ್ ದೊರೆಯುತ್ತದೆ. ಮದ್ದೂರಿನ ಬಯಲಿನಲ್ಲಿ ಒಂದು ಮೀಟರ್ ಇಳಿತದಿಂದ ಅಷ್ಟೇ ವಿದ್ಯುತ್ ಪಡೆಯಲು ಸೆಕೆಂಡಿಗೆ 200 ಲೀಟರ್ ನೀರು ಬೇಕು. ಚಕ್ರವು ದೊಡ್ಡದಾಗಿರಬೇಕು, ದೊಡ್ಡ ಚಕ್ರವು ನಿಧಾನವಾಗಿ ತಿರುಗುತ್ತದೆ. ನಿಮಿಷಕ್ಕೆ 10 ಸುತ್ತಿನ ಚಕ್ರದಿಂದ 1500 ಸುತ್ತಿನ ಜನರೇಟರನ್ನು ನಡೆಸಲು ವೇಗವನ್ನು 150 ಪಟ್ಟು ಹೆಚ್ಚಿಸಬೇಕು. ವೆಚ್ಚದ ಭಾರ ಬೀಳುವುದು ಈ ಗೇರುಗಳ ಮೇಲೆಯೇ.

ಹರಿವಿನ ದಿನಗಳು, ಕೆಲಸದ ಗಂಟೆಗಳು

ಮೇಲಿನ 10 ಕಿಲೋವ್ಯಾಟ್ ಚಕ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ವರ್ಷದಲ್ಲಿ 200 ದಿನ ನಾಲೆ ತುಂಬಿ ಹರಿದರೆ 48,000 ಯೂನಿಟ್ ಉತ್ಪಾದನೆ. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ 3,36,000 ರೂಪಾಯಿ ಮೌಲ್ಯ. ಇದು ಆಕರ್ಷಕವಾಗಿಯೇ ಕಾಣುತ್ತದೆ. ಆದರೆ ಚಕ್ರ ತಿರುಗುವುದು 24 ಗಂಟೆ. ಒಂದೇ ಪಾಳಿಯ ಕಾರ್ಖಾನೆ ನಡೆಯುವುದು 8 ಗಂಟೆ. ಉಳಿದ ವಿದ್ಯುತ್ತನ್ನು ಕೊಳ್ಳುವವರಿಲ್ಲದಿದ್ದರೆ ಉಪಯೋಗಕ್ಕೆ ಬರುವುದು 16,000 ಯೂನಿಟ್, ಅಂದರೆ 1,12,000 ರೂಪಾಯಿ ಮಾತ್ರ. ಅದೂ ಇನ್ನೂರು ದಿನಗಳಲ್ಲಿ ಒಂದು ದಿನವೂ ರಜೆಯಿಲ್ಲದಿದ್ದರೆ.

ಇದನ್ನು ಸೌರಶಕ್ತಿಯೊಡನೆ ಹೋಲಿಸಿ ನೋಡುವುದು ಉಚಿತ. 10 ಕಿಲೋವ್ಯಾಟ್ ಸೌರಫಲಕಗಳು ದಿನಕ್ಕೆ ಸರಾಸರಿ 40 ಯೂನಿಟ್‌ನಂತೆ ವರ್ಷಕ್ಕೆ 14,600 ಯೂನಿಟ್ ನೀಡಬಲ್ಲವು. ಒಂದು ಪಾಳಿಯ ಉದ್ಯಮಕ್ಕೆ ಎರಡರ ಪ್ರಯೋಜನ ಹೆಚ್ಚುಕಡಿಮೆ ಸಮ. ಚಾವಣಿ ನಮ್ಮದು, ನಾಲೆ ನಮ್ಮದಲ್ಲ. ಮೂರು ಪಾಳಿ ನಡೆಯುವ ಘಟಕ, ಶೀತಲಗೃಹ, ಅಥವಾ ಹಲವು ಘಟಕಗಳು ಕೂಡಿ ಬಳಸುವ ವ್ಯವಸ್ಥೆಯಿದ್ದಲ್ಲಿ ಮಾತ್ರ ನೀರಿನ ಚಕ್ರವು ಸ್ಪಷ್ಟವಾಗಿ ಮುಂದಾಗುತ್ತದೆ.

ಹರಿವಿನ ದಿನಗಳೂ ನಮ್ಮ ಕೈಯಲ್ಲಿಲ್ಲ. ನಾಲೆಗೆ ನೀರು ಬಿಡುವುದು ಬೆಳೆಗಾಗಿ, ಜಲಾಶಯದ ಸಂಗ್ರಹವನ್ನು ನೋಡಿ. 2016 ಮತ್ತು 2023ರಂತಹ ಅಭಾವದ ವರ್ಷಗಳಲ್ಲಿ ರೈತರೇ ನೀರಿಗಾಗಿ ಬೀದಿಗಿಳಿದದ್ದನ್ನು ಈ ಜಿಲ್ಲೆ ಕಂಡಿದೆ. ಸಾಲದ ಕಂತು ಮಾತ್ರ ಬರಗಾಲವನ್ನು ಲೆಕ್ಕಿಸದು. ಆದ್ದರಿಂದ ಒಳ್ಳೆಯ ವರ್ಷದ ಆದಾಯವನ್ನು ಆಧಾರವಾಗಿಟ್ಟು ಯೋಜನಾ ವರದಿ ತಯಾರಿಸುವುದು ಅಪಾಯಕರ.

ಅನುಮತಿ ಮತ್ತು ಕೊನೆಭಾಗದ ರೈತ

ನಾಲೆ ಮತ್ತು ಅದರ ಕಟ್ಟಡಗಳ ಹೊಣೆ ಕಾವೇರಿ ನೀರಾವರಿ ನಿಗಮದ್ದು. ಅನುಮತಿಯಿಲ್ಲದೆ ನಾಲೆಯ ಹರಿವಿಗೆ ಅಡ್ಡಿಪಡಿಸುವುದು ಕರ್ನಾಟಕ ನೀರಾವರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಸ್ವಂತ ಬಳಕೆಯ ಉತ್ಪಾದನೆಗೆ 2003ರ ವಿದ್ಯುಚ್ಛಕ್ತಿ ಕಾಯ್ದೆ ಅವಕಾಶ ನೀಡುತ್ತದೆ. ಆದರೆ ಗ್ರಿಡ್‌ಗೆ ಜೋಡಿಸಲು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದೊಡನೆ ಒಪ್ಪಂದವಾಗಬೇಕು.

ಕಾಯ್ದೆಗಿಂತ ಮಿಗಿಲಾದ ಮತ್ತೊಂದು ವಿಚಾರವಿದೆ. ಚಕ್ರವು ನೀರನ್ನು ಕುಡಿಯುವುದಿಲ್ಲವೆಂಬುದು ನಿಜ. ಆದರೆ ಅಡ್ಡಗಟ್ಟೆಯ ಹಿಂದೆ ನೀರಿನ ಮಟ್ಟ ಏರಿದರೆ ಏರಿಯ ಮೇಲೆ ಒತ್ತಡ ಬೀಳುತ್ತದೆ. ಜಾಲರಿಯಲ್ಲಿ ಕಸ ಸಿಕ್ಕಿಕೊಂಡರೆ ಮುಂದಿನ ಹರಿವು ತಗ್ಗುತ್ತದೆ. ಮದ್ದೂರು, ಮಳವಳ್ಳಿಯ ನಾಲೆ ಕೊನೆಭಾಗದ ರೈತರಿಗೆ ನೀರು ತಲುಪುವುದೇ ಕಷ್ಟವಾಗಿರುವಾಗ ಅವರ ಸಮ್ಮತಿಯಿಲ್ಲದ ಯಾವ ಯೋಜನೆಯೂ ಬಹುಕಾಲ ಬಾಳದು. ಚಕ್ರ ಕೆಟ್ಟಾಗಲೂ ನೀರು ನಿರಾತಂಕವಾಗಿ ಸಾಗುವಂತೆ ಪಕ್ಕದ ದಾರಿಯೊಂದನ್ನು ಬಿಡಲೇಬೇಕು.

ನಮಗಿರುವ ಅವಕಾಶ

ಹಾಗೆಂದು ನೀರಿನ ಚಕ್ರವನ್ನು ಕೈಬಿಡಬೇಕಾಗಿಲ್ಲ. ಕೊಪ್ಪಳ ಜಿಲ್ಲೆಯ ಶಿವಪುರದಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ 18 ಮೆಗಾವ್ಯಾಟ್ ಸಾಮರ್ಥ್ಯದ ಖಾಸಗಿ ಘಟಕ ತಲೆಯೆತ್ತಿದೆ. ನೀರಾವರಿಯೂ ವಿದ್ಯುತ್ತೂ ಒಂದೇ ನಾಲೆಯಲ್ಲಿ ಸಾಗಬಲ್ಲವೆಂಬುದಕ್ಕೆ ಇದು ಸಾಕ್ಷಿ. ನಮ್ಮಲ್ಲಿ ಆಸಕ್ತರು ಮೊದಲು ಮಾಡಬೇಕಾದ ಕೆಲಸ, ತಮಗೆ ಸಮೀಪದ ಇಳಿತದ ಎತ್ತರವನ್ನು ಅಳೆದು, ಹಿಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ನೀರು ಹರಿದ ದಿನಗಳ ವಿವರವನ್ನು ನಿಗಮದಿಂದ ಕೇಳಿ ಪಡೆಯುವುದು. ಎರಡನೆಯದು, ತಮ್ಮ ಬಳಕೆಯನ್ನು ಗಂಟೆಗಂಟೆಗೆ ಬರೆದಿಡುವುದು. ಈ ಎರಡು ಪಟ್ಟಿಗಳು ಹೊಂದಿಕೊಂಡರೆ ಮಾತ್ರ ಮುಂದಿನ ಹೆಜ್ಜೆ.

ತೂಬಿನಕೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳಿಗೆ ಇನ್ನೊಂದು ದಾರಿಯೂ ಇದೆ. ಚಕ್ರ, ಷಾಫ್ಟ್, ಕಸ ತಡೆಯುವ ಜಾಲರಿ, ನೀರು ನಿಯಂತ್ರಿಸುವ ಗೇಟು ಮುಂತಾದವು ವೆಲ್ಡಿಂಗ್ ಮತ್ತು ಲೇತ್ ಬಲ್ಲ ಕಾರ್ಯಾಗಾರಗಳಲ್ಲಿ ತಯಾರಾಗಬಲ್ಲ ವಸ್ತುಗಳು. ಇಳಿಜಾರು ಹೆಚ್ಚಿರುವ ಮಲೆನಾಡು, ಕೊಡಗುಗಳಲ್ಲಿ ಇವುಗಳ ಬಳಕೆದಾರರಿದ್ದಾರೆ. ತಮ್ಮ ನಾಲೆಯಲ್ಲಿ ಚಕ್ರ ತಿರುಗಿಸಲು ಲೆಕ್ಕ ಒಪ್ಪದ ಉದ್ಯಮಿಗೂ, ಬೇರೆಯವರ ಹಳ್ಳದಲ್ಲಿ ತಿರುಗುವ ಚಕ್ರವನ್ನು ತಯಾರಿಸಿ ಮಾರುವ ಲೆಕ್ಕ ಒಪ್ಪಬಹುದು.