ಗಜೇಂದ್ರಗಡಕ್ಕೂ ಒಂದು ದಿನ ಇಡ್ರಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ. ಬೆಂಗಳೂರಿನ ನನ್ನ ಆಫೀಸಿನವರು ಉತ್ತರ ಕರ್ನಾಟಕದ ಟ್ರಿಪ್ ಅಂದ್ರೆ ಈ ಮೂರು ಹೆಸರು ಹೇಳಿ ನಿಲ್ಲಿಸ್ತಾರೆ. "ನಿಮ್ಮೂರಲ್ಲಿ ನೋಡೋಕೆ ಏನಿದೆ?" ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿ, ಈ ಸಲ ಬರೆದೇ ಬಿಡ್ತಿದ್ದೇನೆ.

ನಮ್ಮೂರು ಗಜೇಂದ್ರಗಡ. ಗದಗದಿಂದ ಸುಮಾರು 55 ಕಿ.ಮೀ. ಮೊದಲು ರೋಣ ತಾಲ್ಲೂಕಿನಲ್ಲಿತ್ತು, 2018ರಿಂದ ಇದೇ ಒಂದು ತಾಲ್ಲೂಕು. ರೈಲಿಲ್ಲ, ಬಸ್ಸು ಇಲ್ಲವೇ ಕಾರು. ಊರು ಇನ್ನೂ ದೂರ ಇರುವಾಗಲೇ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣ್ತವೆ. ಮಕ್ಕಳ ಬಾಯಲ್ಲಿ ಅವು ಬರೇ 'ಫ್ಯಾನು'.

ಊರಿನ ಬೆನ್ನಿಗಿರೋ ಗುಡ್ಡದ ಮೇಲೆ ಕೋಟೆ. ಘೋರ್ಪಡೆ ಮನೆತನ ಆಳಿದ ಊರಿದು. 1785ರಲ್ಲಿ ಟಿಪ್ಪು ನರಗುಂದ ಗೆದ್ದ ಮೇಲೆ ಮರಾಠರ ಜೊತೆ ಹತ್ತಿಕೊಂಡ ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ಶಾಲೆಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಬಾಯಿಪಾಠ ಮಾಡಿದೆವು, ನಮ್ಮೂರಿನದು ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ! ಬಿಸಿಲೇರುವ ಮುಂಚೆ ಹತ್ತಿ ಇಳಿದುಬಿಡಿ, ಮೇಲೆ ನೆರಳು ಕಡಿಮೆ.

ವಯಸ್ಸಾದವರು ಜೊತೆಗಿದ್ದರೆ ಕಾಲಕಾಲೇಶ್ವರ ಗುಡಿಗೆ ನಿಧಾನಕ್ಕೆ ಮೆಟ್ಟಿಲು ಹತ್ತಿಸಿ. ದಕ್ಷಿಣ ಕಾಶಿ ಅಂತ ಕರೀತಾರೆ. ಬಂಡೆಯ ಸಂದಿನಿಂದ ಇಳಿಯುವ ಅಂತರಗಂಗೆಯ ತಣ್ಣನೆಯ ನೀರು ಮುಟ್ಟಿದರೆ ಹತ್ತಿದ ದಣಿವು ಮರೀತದೆ.

ಆದರೆ ನಾನು ನಿಮ್ಮನ್ನ ಕರೀತಿರೋದು ಮುಖ್ಯವಾಗಿ ಪೇಟೆಗೆ. ಅಲ್ಲಿ ಪಟ್ಟೇದಂಚಿನ ಸೀರೆ ಕೇಳಿ. ಒಡಲಿನ ತುಂಬ ಚೌಕಳಿ, ಅದಕ್ಕೆ ಒಪ್ಪುವ ಬೇರೆ ಬಣ್ಣದ ಅಗಲ ಅಂಚು, ಮೈಗೆ ಹಗುರಾದ ಹತ್ತಿ. ನಮ್ಮಜ್ಜಿ ಹೊಲಕ್ಕೂ ಅದನ್ನೇ ಉಡ್ತಿದ್ದಳು, ಈಗ ನಾನು ಆಫೀಸಿಗೆ ಉಡ್ತೀನಿ. ಕೈಮಗ್ಗದ್ದೋ ಪವರ್‌ಲೂಮಿನದ್ದೋ ಅಂತ ಅಂಗಡಿಯವರನ್ನ ನೇರವಾಗಿ ಕೇಳಿ, ಬೆಲೆಯಲ್ಲಿ ವ್ಯತ್ಯಾಸ ಇರ್ತದೆ. ಹಾಸು ಹೂಡಿ, ಎಳೆ ಎಳೆ ಜೋಡಿಸಿ, ಒಬ್ಬರೇ ಕಾಲಲ್ಲಿ ಮಗ್ಗ ತುಳೀತಾ ಕೈಯಲ್ಲಿ ಲಾಳಿ ಓಡಿಸಿ ನೇಯೋ ಸೀರೆ ಮಷಿನ್ನಿನ ದರಕ್ಕೆ ಸಿಗೋದಿಲ್ಲ.

ನಮ್ಮ ಕಾಕಾ ಇನ್ನೂ ಕುಣಿಮಗ್ಗದಲ್ಲಿ ಕೂತು ನೇಯ್ತಾರೆ. ಮಕ್ಕಳಿಬ್ಬರೂ ಬೇರೆ ಕೆಲಸ ಹಿಡಿದಿದ್ದಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಂದ್ರು: "ಯವ್ವಾ, ಈ ವರ್ಷ ಸೀರಿ ಹೋದ್ರ ಮಗ್ಗ ಇಡ್ತೀನಿ. ಇಲ್ಲಂದ್ರ ಬಿಚ್ಚಿ ಅಟ್ಟದ ಮ್ಯಾಲ ಹಾಕೂದ." ಆನ್‌ಲೈನಲ್ಲಿ ಮಾರಿ ಕೊಡ್ತೀನಿ ಅಂತ ಫೋಟೊ ಹಾಕಿ ನಾಲ್ಕು ಸೀರೆ ಕಳಿಸಿದೆ. ನಾಲ್ಕರಿಂದ ಮಗ್ಗ ನಡೆಯೋದಿಲ್ಲ. ಮುಟ್ಟಿ ನೋಡೋಕೆ ಜನ ಬರಬೇಕು.

ಸೀರೆ ಕೊಂಡು, ಒಂದು ಪ್ಲೇಟ್ ಗಿರ್ಮಿಟ್, ಮಿರ್ಚಿ ತಿಂದು ಸೂಡಿಗೆ ಹೊರಡಿ. ಹತ್ತಿರದಲ್ಲೇ ಇದೆ. ಕಲ್ಯಾಣ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿ ಮತ್ತು ನಾಗಕುಂಡ ಅಂತ ಕೆತ್ತನೆಯ ಪುಷ್ಕರಣಿ ಅಲ್ಲಿವೆ. ಬಾದಾಮಿಯಷ್ಟು ಗದ್ದಲ ಇಲ್ಲ, ಎಷ್ಟು ಹೊತ್ತು ಬೇಕಾದ್ರೂ ಕೂಡಬಹುದು. ರಾತ್ರಿಗೆ ಬಾದಾಮಿ ಅಥವಾ ಗದಗ ಸೇರಿಕೊಂಡರೆ ಕುಟುಂಬದವರಿಗೆ ಲಾಡ್ಜಿನ ಆಯ್ಕೆ ಜಾಸ್ತಿ. ನೀರಿನ ಬಾಟಲಿ ತುಂಬಿಕೊಂಡೇ ಬನ್ನಿ.