ಗ್ರಾಂ ತೂಕಕ್ಕೆ ಬಟ್ಟಲಿನ ಅಳತೆ

ದಂಪತಿಗಳೇ,

ಸಮತೋಲನ ಆಹಾರದ ಪಟ್ಟಿಗಳಲ್ಲಿ ಪ್ರಮಾಣವನ್ನು ಗ್ರಾಂ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಆದರೆ ಬಹುತೇಕ ಅಡಿಗೆಮನೆಗಳಲ್ಲಿ ತಕ್ಕಡಿ ಇರುವುದಿಲ್ಲ. ಇರುವುದು ಬಟ್ಟಲು ಮತ್ತು ಚಮಚ. ಆದುದರಿಂದ ತೂಕವನ್ನು ಬಟ್ಟಲಿನ ಅಳತೆಗೆ ಪರಿವರ್ತಿಸುವ ಕ್ರಮವನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಅವಶ್ಯಕ.

ನಮ್ಮ ಹಿರಿಯರು ಕಾಳುಕಡಿಗಳನ್ನು ಸೇರಿನಿಂದ ಅಳೆಯುತ್ತಿದ್ದರು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಕಿಲೋಗ್ರಾಂ ಮತ್ತು ಲೀಟರು ಬಳಕೆಗೆ ಬಂದವು. ಕಿಲೋಗ್ರಾಂ ತೂಕವನ್ನೂ, ಲೀಟರು ಗಾತ್ರವನ್ನೂ ತಿಳಿಸುತ್ತವೆ. ಇವೆರಡೂ ಒಂದೇ ಅಲ್ಲ. ಹಿಟ್ಟಿನ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಒಂದು ಬಟ್ಟಲು ಹಿಟ್ಟು ಅದೇ ಬಟ್ಟಲಿನ ಬೇಳೆಗಿಂತ ಹಗುರವಾಗಿರುತ್ತದೆ.

ಕಮಲಾಪುರದ ಕುಟುಂಬವೊಂದು ಕಲಬುರಗಿಯ ಪೇಟೆಯಿಂದ 1 ಕಿಲೋ ತೊಗರಿಬೇಳೆಯನ್ನು ತೂಗಿಸಿ ತಂದಿತೆಂದು ಭಾವಿಸಿರಿ. ಮನೆಯ ಒಂದು ಬಟ್ಟಲನ್ನು ಆರಿಸಿ, ಬೇಳೆಯನ್ನು ಒತ್ತದೆ, ಕುಲುಕದೆ ತುಂಬಿ, ಅಂಚಿಗೆ ಸಮನಾಗಿ ಸವರಿ ಎಣಿಸಬೇಕು. 6 ಬಟ್ಟಲು ಆದರೆ, 1000 ಗ್ರಾಂ ಅನ್ನು 6ರಿಂದ ಭಾಗಿಸಿದಾಗ ಒಂದು ಬಟ್ಟಲಿಗೆ ಸುಮಾರು 167 ಗ್ರಾಂ ಎಂದಾಯಿತು. ಗಿರಣಿಯಿಂದ ತಂದ 1 ಕಿಲೋ ಜೋಳದ ಹಿಟ್ಟು ಅದೇ ಬಟ್ಟಲಿನಲ್ಲಿ 9 ಆದರೆ, ಒಂದು ಬಟ್ಟಲಿಗೆ ಸುಮಾರು 111 ಗ್ರಾಂ. ಹೀಗೆ ಪ್ರತಿಯೊಂದು ಪದಾರ್ಥಕ್ಕೂ ಬೇರೆ ಲೆಕ್ಕ ಬೇಕು. ಬಟ್ಟಲು ಬದಲಾದರೆ ಪುನಃ ಎಣಿಸತಕ್ಕದ್ದು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, 2000 ಕ್ಯಾಲೊರಿಯ ದಿನದ ಆಹಾರದಲ್ಲಿ 85 ಗ್ರಾಂ ಬೇಳೆಕಾಳುಗಳಿರಬೇಕು. ಮೇಲಿನ ಬಟ್ಟಲಿನಲ್ಲಿ ಇದು ಸುಮಾರು ಅರ್ಧ ಬಟ್ಟಲು. ನಾಲ್ವರು ವಯಸ್ಕರಿಗೆ ದಿನಕ್ಕೆ 2 ಬಟ್ಟಲು. ತೊಗರಿಯೇ ಆಗಬೇಕೆಂದಿಲ್ಲ, ಹೆಸರು, ಕಡಲೆ, ಅಲಸಂದಿಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಈ ಲೆಕ್ಕದಿಂದ ಮುಖ್ಯವಾದ ಒಂದು ಪ್ರಯೋಜನವುಂಟು. ಅನೇಕ ಮನೆಗಳಲ್ಲಿ ಗೃಹಿಣಿಯು ಎಲ್ಲರ ಊಟವಾದ ಮೇಲೆ ಉಣ್ಣುತ್ತಾಳೆ. ಆ ವೇಳೆಗೆ ಪಾತ್ರೆಯಲ್ಲಿ ತಿಳಿಸಾರು ಮಾತ್ರ ಉಳಿದಿರುತ್ತದೆ. ಆಕೆ ಗರ್ಭಿಣಿಯಾಗಿದ್ದರೆ ಅಥವಾ ಮೊಲೆಯೂಡಿಸುತ್ತಿದ್ದರೆ ಆಕೆಯ ಅಗತ್ಯವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಒಲೆಗೆ ಏರಿಸುವ ಮುನ್ನವೇ ಆಕೆಯ ಪಾಲಿನ ಬೇಳೆಯನ್ನೂ ಅಳೆದು ಸೇರಿಸಬೇಕು. ಆ ಪಾಲು ಆಕೆಯ ತಟ್ಟೆಗೆ ತಲಪುವಂತೆ ಪತಿಯು ನೋಡಿಕೊಳ್ಳಬೇಕು.

ಉಪ್ಪಿನ ವಿಷಯದಲ್ಲಿ ಎಚ್ಚರಿಕೆಯು ಇದಕ್ಕೆ ವಿರುದ್ಧವಾದುದು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ಎಂದರೆ ಸವರಿದ ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ; ಉಪ್ಪಿನಕಾಯಿ, ಹಪ್ಪಳಗಳಲ್ಲಿರುವುದೂ ಇದರಲ್ಲಿಯೇ ಸೇರಿದೆ. ಈ ಲೆಕ್ಕದಂತೆ ನಾಲ್ವರು ವಯಸ್ಕರಿಗೆ 1 ಕಿಲೋ ಉಪ್ಪು 50 ದಿನಗಳಿಗೂ ಹೆಚ್ಚು ಕಾಲ ಬರಬೇಕು. ಪೊಟ್ಟಣವನ್ನು ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿರಿ. ಒಂದು ತಿಂಗಳಿಗೇ ಮುಗಿದರೆ ಬಳಕೆಯನ್ನು ತಗ್ಗಿಸಿರಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಬ್ಬರೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿರಿ.

ಮುಂದಿನ ಸಂತೆಯ ದಿನ ಸಾಮಾನು ತಂದೊಡನೆ ಇಬ್ಬರೂ ಕೂಡಿ ಒಮ್ಮೆ ಎಣಿಸಿ, ಲೆಕ್ಕವನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಿರಿ.